ನನ್ನ ಬಚ್ಚಲೂ ಫಕ್ಕೀರವ್ವನ ಮೆಂತೆಯೂ

ಮನುಷ್ಯನಿಗೆ ಬರುವ ನೀರಿನ ಮೇಲೆ ಇರುವ ಅಕ್ಕರೆ ಹೋಗುವ ನೀರಿನ ಮೇಲೆ ಇರುವುದಿಲ್ಲ. ನಳದ ನೀರು ಒಂದು ದಿನ ತಡವಾಗಲಿ, ನಮ್ಮ ಓಣಿಯಲ್ಲಿ ಕೊಡಕ್ಕೆ ಕೊಡ ಬಡಿದು ಜಗಳವಾಗುತ್ತದೆ; ನೀರು ಬಿಡುವ ಮಾಬುಸಾಬನಿಗೆ ಬೈಗುಳದ ಅಭಿಷೇಕವಾಗುತ್ತದೆ. ಅದೇ ನೀರು ಬಚ್ಚಲ ತೂತಿನಲ್ಲಿ ಗುಳುಗುಳು ಸದ್ದು ಮಾಡಿ ಇಳಿದ ಮೇಲೆ ಎತ್ತ ಹೋಯಿತು, ಯಾರ ಮನೆಯ ಮುಂದೆ ಹಾದು ಹೋಯಿತು, ಕೊನೆಗೆ ಅದರ ಗತಿ ಏನಾಯಿತು ಎಂದು ಒಬ್ಬರೂ ವಿಚಾರಿಸುವುದಿಲ್ಲ. ದೂರದ ಸಂಬಂಧಿಕರನ್ನಾದರೂ ಮದುವೆ ಮುಂಜಿಯಲ್ಲಿ ವಿಚಾರಿಸುತ್ತೇವೆ, ಬಚ್ಚಲ ನೀರಿಗೆ ಆ ಭಾಗ್ಯವೂ ಇಲ್ಲ. ಇದನ್ನು ನಾನು ದೊಡ್ಡ ಜ್ಞಾನಿಯ ಹಾಗೆ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಪೆಟ್ಟು ತಿಂದು ಹೇಳುತ್ತಿದ್ದೇನೆ. ಆ ಪೆಟ್ಟಿನಿಂದ ಇನ್ನೂ ಪೂರ್ತಿ ಚೇತರಿಸಿಕೊಂಡಿಲ್ಲ ಎನ್ನುವುದನ್ನೂ ಮೊದಲಿಗೇ ಹೇಳಿಬಿಡುತ್ತೇನೆ.

ನಾನು ನಮ್ಮೂರ ಹೈಸ್ಕೂಲಿನಲ್ಲಿ ಬಹಳ ವರ್ಷ ವಿಜ್ಞಾನ ಕಲಿಸಿ ನಿವೃತ್ತನಾದವನು. ಶಿಗ್ಗಾಂವದಿಂದ ಸವಣೂರಿಗೆ ಹೋಗುವಾಗ ನಡುವೆ ಬಸ್ಸಿಳಿದು ಒಳಗೆ ಒಂದಷ್ಟು ನಡೆದರೆ ನಮ್ಮೂರು. ಪಾಠದಲ್ಲಿ ಬೆಳಕು, ಶಬ್ದ, ಕಾಂತತ್ವ ಎಲ್ಲವನ್ನೂ ಹೇಳಿದ್ದೇನೆ; ಆದರೆ ಮನಸ್ಸಿಟ್ಟು ಹೇಳಿದ್ದು ಒಂದೇ, ಕೈ ತೊಳೆಯುವುದು. ಎರಡು ಹೊತ್ತು ಸ್ನಾನ ಮಾಡುತ್ತೇನೆ. ಎಲ್ಲಿಗೆ ಹೋದರೂ ಸಣ್ಣ ಡಬ್ಬಿಯಲ್ಲಿ ಸಾಬೂನಿನ ತುಂಡು ನನ್ನ ಕಿಸೆಯಲ್ಲಿ ಇರುತ್ತದೆ. ಹಿರೇಕೆರೂರಿನಲ್ಲಿ ಒಂದು ಮದುವೆಗೆ ಹೋದಾಗ ಊಟ ಮುಗಿಸಿ ಆ ಡಬ್ಬಿ ತೆಗೆದು ಪಕ್ಕದಲ್ಲಿಟ್ಟುಕೊಂಡಿದ್ದೆ. ಹತ್ತಿರ ಕುಳಿತಿದ್ದ ಹಿರಿಯರೊಬ್ಬರು ಸುಣ್ಣದ ಡಬ್ಬಿ ಎಂದುಕೊಂಡು ಉಗುರಿನಿಂದ ಕೆರೆದು ಸವಣೂರಿನ ವೀಳ್ಯದೆಲೆಗೆ ಹಚ್ಚಿ ಬಾಯಿಗೆ ಹಾಕಿಕೊಂಡರು. ಅವರ ಬಾಯಲ್ಲಿ ನೊರೆ ಬಂದದ್ದನ್ನು ನೋಡಿ ಬೀಗರೆಲ್ಲ ಗಾಬರಿಯಾದರು. ನಾನು ಮಾತ್ರ ಮನಸ್ಸಿನಲ್ಲಿ, ಇವರ ಬಾಯಿ ಇಷ್ಟು ಸ್ವಚ್ಛವಾಗಿ ಎಷ್ಟು ವರ್ಷವಾಗಿತ್ತೋ ಎಂದುಕೊಂಡೆ. ನನ್ನ ಹೆಂಡತಿ ಗಿರಿಜಾ ಹಂಸಭಾವಿಯವಳು, ಮಾತಿನಲ್ಲಿ ಯಾರಿಗೂ ಸೋತವಳಲ್ಲ. "ನೀವು ಹಿಂದಿನ ಜನ್ಮದಾಗ ಎಮ್ಮಿ ಆಗಿದ್ರಿ ಕಾಣ್ತೈತ್ರಿ. ನೀರು ಕಂಡ್ರ ಎದ್ದು ಬರೂದ ಇಲ್ಲ" ಎನ್ನುತ್ತಾಳೆ. ನಮ್ಮದು ಊರ ಗಟಾರದ ಕಟ್ಟಕಡೆಯ ಮನೆ. ಹಿಂದುಗಡೆ ಗಟಾರದ ವಾಸನೆ ಬರುತ್ತದೆಂದು ಮನೆ ಕಟ್ಟಿದ ವರ್ಷವೇ ಆ ಕಡೆಯ ಕಿಟಕಿಗೆ ಇಟ್ಟಂಗಿ ಹಚ್ಚಿ ಮುಚ್ಚಿಸಿದ ಮಹಾನುಭಾವ ನಾನು. ಆ ಕಿಟಕಿಯ ವಿಷಯ ನೆನಪಿರಲಿ.

ಇನ್ನು ನನ್ನ ಊಟದ ವಿಷಯ. ನಮ್ಮ ಕಡೆ ರೊಟ್ಟಿಯ ಜೊತೆ ಹಸಿ ಸೊಪ್ಪು ಕಡಿಯುವ ರೂಢಿ ಇದೆಯಲ್ಲ, ಅದರಲ್ಲಿ ನಾನು ಸ್ವಲ್ಪ ಅತಿ. ಬಿಸಿ ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಅದರ ಮೇಲೆ ಎಣ್ಣೆ, ಪಕ್ಕದಲ್ಲಿ ಒಂದು ಸಿವುಡು ಹಸಿ ಮೆಂತೆ. ಬೇಯಿಸಿದರೆ ಸತ್ವ ಹೋಗುತ್ತದೆ ಎಂದು ಮನೆಯವರಿಗೂ ಮಕ್ಕಳಿಗೂ ಹೇಳುತ್ತ ಬಂದವನು ನಾನು. ಆ ಮೆಂತೆಯನ್ನು ತರುತ್ತಿದ್ದವಳು ಫಕ್ಕೀರವ್ವ. ಬೆಳಿಗ್ಗೆ ಬುಟ್ಟಿ ಹೊತ್ತು ಬಂದು ನಮ್ಮ ಕಟ್ಟೆಯ ಮೇಲೆ ಇಳಿಸಿ, "ಮಾಸ್ತರ್ರ, ಎಳೇದೈತಿ ನೋಡ್ರಿ" ಎಂದು ಸಿವುಡು ಮುಂದೆ ಹಿಡಿಯುತ್ತಿದ್ದಳು. ಗಂಡ ತೀರಿಹೋಗಿದ್ದ. ಇಪ್ಪತ್ತು ಗುಂಟೆ ಹೊಲ, ಅದರಲ್ಲಿ ಬಾವಿಯಿಲ್ಲ, ಬೋರಿಲ್ಲ. ಒಬ್ಬಳೇ ಮಗಳು ನನ್ನ ಕೈಯಲ್ಲಿ ಕಲಿತು ಈಗ ಶಿಗ್ಗಾಂವದ ಕಾಲೇಜಿಗೆ ಹೋಗುತ್ತಾಳೆ, ಅವಳ ಓದು ನಡೆಯುವುದೂ ಇದೇ ಬುಟ್ಟಿಯಿಂದ. ಬೇಸಿಗೆಯಲ್ಲಿ ಸುತ್ತಮುತ್ತಲ ಊರುಗಳಲ್ಲಿ ಸೊಪ್ಪೆಲ್ಲ ಒಣಗಿ ಹುರಿಯಾಗಿರುವಾಗಲೂ ಫಕ್ಕೀರವ್ವನ ಮೆಂತೆ ಕಡುಹಸಿರು, ಗೇಣುದ್ದ, ಮುರಿದರೆ ಟಕ್ ಎನ್ನುತ್ತಿತ್ತು. ಬಾವಿಯಿಲ್ಲದ ಹೊಲದಲ್ಲಿ ಬೇಸಿಗೆಯ ಮೆಂತೆ ಎಲ್ಲಿಂದ ಬಂತು ಎಂದು ಒಬ್ಬ ವಿಜ್ಞಾನದ ಮಾಸ್ತರನಿಗೆ ಒಮ್ಮೆಯೂ ಹೊಳೆಯಲಿಲ್ಲ. ಎಲ್ಲ ಮಣ್ಣಿನ ಗುಣ ಎಂದುಕೊಂಡಿದ್ದೆ. ನಾನು ತಿಂದದ್ದಲ್ಲದೆ ಹಾನಗಲ್ಲಿನಲ್ಲಿರುವ ನನ್ನ ಅಕ್ಕನಿಗೂ ಒದ್ದೆ ಅರಿವೆಯಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದು ಕೊಡುತ್ತಿದ್ದೆ. "ಅಕ್ಕ, ಇಂಥಾ ಪಲ್ಯ ನಿಮ್ಮ ಹಾನಗಲ್ಲಾಗ ಹುಡುಕಿದ್ರೂ ಸಿಗೂದಿಲ್ಲ" ಎಂದು ಹೆಮ್ಮೆ ಬೇರೆ. (ನಮ್ಮ ಕಡೆ ಹಸಿ ಸೊಪ್ಪಿಗೂ ಪಲ್ಯ ಎಂದೇ ಹೆಸರು.)

ಹೀಗಿರುವಾಗ ನಮ್ಮ ಪಂಚಾಯಿತಿಗೆ ಬೂದು ನೀರಿನ ಯೋಜನೆ ಬಂತು. ಬೂದು ನೀರು ಎಂದರೆ ಬಚ್ಚಲು, ಪಾತ್ರೆ, ಬಟ್ಟೆ ತೊಳೆದ ನೀರು. ಶೌಚಾಲಯದ ಗುಂಡಿಗಳು ನಮ್ಮೂರಲ್ಲಿ ಬೇರೆಯೇ ಇವೆ. ಆ ಒಂದು ಸಮಾಧಾನವನ್ನು ದೇವರು ನನಗಾಗಿ ಉಳಿಸಿದ್ದ ಎಂದು ಆಮೇಲೆ ತಿಳಿಯಿತು. ಗಟಾರದ ಕೊನೆಗೆ ಒಂದು ಹೊಂಡ ಮಾಡಿ ಕೆಸರು ತಳಕ್ಕೆ ಕೂರಿಸಬೇಕು, ಅಲ್ಲಿಂದ ನೀರು ಕಲ್ಲು ಮತ್ತು ಉಸುಕಿನ ಹಾಸಿನಲ್ಲಿ ನಿಧಾನ ಹಾಯಬೇಕು, ಆ ಹಾಸಿನ ಮೇಲೆ ಬಾಳೆಯಂಥ ಎಲೆಯ ಕಾಬಾಳೆ ಗಿಡ ನೆಡಬೇಕು, ಅವುಗಳ ಬೇರು ಕೊಳೆ ಹೀರಬೇಕು, ಕೊನೆಯ ಗುಂಡಿಗೆ ತಿಳಿನೀರು ಬರಬೇಕು. ಇದಕ್ಕೊಂದು ಸಮಿತಿ ಬೇಕಿತ್ತು. ಊರಲ್ಲಿ ಕೈಯಲ್ಲಿ ಕೆಲಸವಿಲ್ಲದೆ ಬಾಯಲ್ಲಿ ಬೇಕಾದಷ್ಟು ಇರುವವನು ನಾನೇ ಆದ್ದರಿಂದ ಅಧ್ಯಕ್ಷನಾದೆ. ಗ್ರಾಮಸಭೆಯಲ್ಲಿ ಎದ್ದು ನಿಂತು, "ನಿಮ್ಮ ಬಚ್ಚಲ ನೀರು ಎಲ್ಲಿಗಿ ಹೊಕ್ಕೈತಿ ಅಂತ ಯಾರರೆ ವಿಚಾರ ಮಾಡೀರೇನು? ನಿಮಗ ನಾಚಿಕಿ ಬರೂದಿಲ್ಲೇನು?" ಎಂದು ಗುಡುಗಿದೆ. ಗಂಡಸರು ನೆಲ ನೋಡಿದರು. ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದರು. ನಾಚಿಕೊಂಡರು ಎಂದೇ ನಾನು ತಿಳಿದೆ. ಅವರು ನಗು ತಡೆಯುತ್ತಿದ್ದರು ಎಂದು ಯಾವ ಮಾಸ್ತರನಿಗೆ ತಿಳಿಯಬೇಕು?

ಕೆಲಸಕ್ಕೆ ಮೊದಲು ಗಟಾರವನ್ನು ತಲೆಯಿಂದ ಬಾಲದವರೆಗೆ ನಡೆದು ನೋಡಬೇಕು ಎಂದರು ನಮ್ಮ ಪಂಚಾಯಿತಿಯ ಪಿಡಿಒ ಮೇಡಂ. ಚಿಕ್ಕ ವಯಸ್ಸಿನವರು, ಚುರುಕು. ಮುಂದೆ ದಾರಿ ತೋರಿಸಲು ಮಾಬುಸಾಬ, ಹಿಂದೆ ಮೇಡಂ, ಅವರ ಹಿಂದೆ ಮೂಗಿಗೆ ಕರವಸ್ತ್ರ ಹಿಡಿದ ನಾನು. ಮಾಬುಸಾಬ ಒಂದೊಂದು ಮನೆಯ ಕೊಳವೆ ತೋರಿಸುತ್ತ, ಇದು ಗೌಡರ ಮನೆ ಪಾತ್ರೆ ನೀರು, ಇದು ಹಿಟ್ಟಿನ ಗಿರಣಿಯವರ ಬಟ್ಟೆ ನೀರು ಎಂದು ಹೇಳುತ್ತ ಬಂದ. ನನ್ನ ಮನೆ ದಾಟಿತು. ಅಲ್ಲಿಂದಾಚೆ ಜಾಲಿಕಂಟಿ. ನಾನು ಇಷ್ಟು ವರ್ಷದಲ್ಲಿ ಆ ಕಡೆ ಒಮ್ಮೆಯೂ ಕಾಲಿಟ್ಟವನಲ್ಲ. ಮಾಬುಸಾಬ ಕಂಟಿ ಸರಿಸಿದ. ಅಲ್ಲಿ ನೊಣ, ಕೆಸರು, ಹಂದಿ ಕಾಣುತ್ತವೆ ಎಂದು ನಾನು ಮನಸ್ಸು ಗಟ್ಟಿ ಮಾಡಿಕೊಂಡಿದ್ದೆ. ಕಂಡದ್ದು ಹಸಿರು. ಮಡಿಯ ಮೇಲೆ ಮಡಿ, ಮೆಂತೆ, ಕೊತ್ತಂಬರಿ, ರಾಜಗಿರಿ, ಪಾಲಕ. ನಡುವೆ ಸೀರೆ ಎತ್ತಿ ಕಟ್ಟಿ, ಸಲಿಕೆಯಿಂದ ಗಟಾರದ ಬಾಯಿಗೆ ಮಣ್ಣು ಏರಿಸುತ್ತ ನಿಂತಿದ್ದವಳು ಫಕ್ಕೀರವ್ವ.

"ಬರ್ರಿ ಮಾಸ್ತರ್ರ, ಬರ್ರಿ" ಎಂದಳು, ಮನೆಗೆ ಬಂದವರನ್ನು ಕರೆಯುವ ಹಾಗೆ. "ಚಲೋ ಹೊತ್ತಿಗೆ ಬಂದ್ರಿ. ನಿಮ್ಮನಿ ನೀರು ಈಗ ಬರಾಕತ್ತೈತಿ."

"ನಮ್ಮನಿ ನೀರು ಅಂತ ನಿನಗ ಹೆಂಗ ಗೊತ್ತಾತು?" ಎಂದೆ.

"ಸಾಬೂನ ವಾಸನಿ ಹಿಡದ ಹೇಳ್ತೇನ್ರಿ. ಗೌಡ್ರ ಮನೀದು ಬಂದ್ರ ಎಣ್ಣಿ ತೇಲ್ತೈತಿ. ಗಿರಣ್ಯಾರದು ಬಂದ್ರ ನೀಲಿ. ನಿಮ್ಮದು ಬಂದ್ರ ನೊರಿ ನೋಡ್ರಿ, ಹಾಲ ಉಕ್ಕಿದಂಗ. ನಿಮ್ಮದು ಕಡೀ ಮನಿ ಅಲ್ರಿ, ಸೀದಾ ಈ ಮೆಂತೆ ಮಡಿಗಿ ಬರ್ತೈತಿ. ಊರಾಗ ಎಲ್ಲಾರೂ ಒಂದ ಹೊತ್ತು ಜಳಕಾ ಮಾಡ್ತಾರ, ಬ್ಯಾಸಗ್ಯಾಗ ಅದೂ ಕಮ್ಮಿ. ನೀವೊಬ್ರ ಎರಡ ಹೊತ್ತು ಮಾಡ್ತೀರಿ. ನಿಮ್ಮ ಪುಣ್ಯಾದಿಂದ ನನ್ನ ಮೆಂತೆ ಉಳದೈತ್ರಿ."

ನಾನು ಬಗ್ಗಿ ನೋಡಿದೆ. ನೊರೆ ನಿಜವಾಗಿಯೂ ಬರುತ್ತಿತ್ತು. ಅರ್ಧ ಗಂಟೆಯ ಹಿಂದೆ ನನ್ನ ಬೆನ್ನ ಮೇಲಿದ್ದ ನೊರೆ ಗುಳ್ಳೆಗುಳ್ಳೆಯಾಗಿ ಬಂದು ಮೆಂತೆಯ ಬುಡದಲ್ಲಿ ಮೆತ್ತಗೆ ಇಂಗುತ್ತಿತ್ತು. ಎಷ್ಟು ವರ್ಷದಿಂದ ನಾನು ನನ್ನನ್ನೇ ತೊಳೆದು, ಬೆಳೆದು, ಸಿವುಡು ಕಟ್ಟಿಸಿ, ಹಸಿಯಾಗಿ ಕಡಿದು ತಿನ್ನುತ್ತಿದ್ದೇನೆ ಎಂಬ ಲೆಕ್ಕ ತಲೆಯಲ್ಲಿ ಶುರುವಾಯಿತು. ಅದರ ಬೆನ್ನಿಗೇ ಹಾನಗಲ್ಲಿನ ಅಕ್ಕ ನೆನಪಾದಳು. ಒದ್ದೆ ಅರಿವೆ ನೆನಪಾಯಿತು. ಬದುವಿನ ಮೇಲೆ ಕುಕ್ಕರಿಸಿದೆ. ಬಿಸಿಲಿಗೆ ಹೀಗಾಯಿತೆಂದು ತಿಳಿದ ಫಕ್ಕೀರವ್ವ ತನ್ನ ತಂಬಿಗೆಯಿಂದ ನೀರು ಕೊಡಲು ಬಂದಳು. ಅದು ಎಲ್ಲಿಯ ನೀರು ಎಂದು ಕೇಳಿ ಕುಡಿಯುವಷ್ಟು ಎಚ್ಚರ ಮಾತ್ರ ನನಗೆ ಉಳಿದಿತ್ತು.

ಮನೆಗೆ ಬಂದರೆ ಗಿರಿಜಾ ತಾಟು ಹಾಕಿದ್ದಾಳೆ. ರೊಟ್ಟಿ, ಚಟ್ನಿ, ಎಣ್ಣೆ, ಒಂದು ಸಿವುಡು ಮೆಂತೆ. ನಾನು ಹಾವು ಕಂಡವನ ಹಾಗೆ ಹಿಂದೆ ಸರಿದೆ. ಇದೇನೆಂದು ನಿನಗೆ ಗೊತ್ತೇ, ಇದು ನಮ್ಮ ಬಚ್ಚಲು ಎಂದು ಎಲ್ಲವನ್ನೂ ಹೇಳಿದೆ. ಅವಳು ಕುಸಿದು ಕೂರುತ್ತಾಳೆ, ನಾನು ಹಿಡಿದುಕೊಳ್ಳಬೇಕು ಎಂದು ಸಿದ್ಧನಾಗಿಯೂ ಇದ್ದೆ.

"ಅದು ಊರಿಗೆಲ್ಲಾ ಗೊತ್ತೈತ್ರಿ" ಎಂದಳು, ರೊಟ್ಟಿ ಮಗುಚಿ ಹಾಕುತ್ತ.

"ನಿನಗೂ ಗೊತ್ತಿತ್ತೇನು?"

"ಮದುವ್ಯಾಗಿ ಬಂದ ವರ್ಷನ ಗೊತ್ತಾತು."

"ಮತ್ತ ನನಗ್ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ. ಊರಾಗ ಆಕಿ ಪಲ್ಯ ಎಲ್ಲಾರೂ ಕುದಿಸಿ ತಿಂತಾರ. ಹಸೀದು ಬೇಕಾದ್ರ ಬಾವಿ ಹೊಲದ್ದು ತರ್ತಾರ. ಆಕೀದನ್ನ ಹಸೀ ತಿನ್ನಾವರು ಇಡೀ ಊರಾಗ ನೀವೊಬ್ರ. ಬ್ಯಾಡ್ರಿ, ಕುದಿಸಿ ಹಾಕ್ತೇನಿ ಅಂದ್ರ, ಸತ್ವ ಹೊಕ್ಕೈತಿ ಅಂತ ನನಗ ಪಾಠಾ ಮಾಡಿದ್ರಿ. ಅದಕ್ಕ ಉಪ್ಪು ನೀರಾಗ ಮೂರು ಸಲ ತೊಳದು ಹಾಕಾಕತ್ತೇನಿ. ತೊಳದ್ರ ಎಲ್ಲಾ ಸ್ವಚ್ಛ ಆಕ್ಕೈತಿ ಅಂತ ಸಾಲ್ಯಾಗ ಹೇಳ್ತಿದ್ದಾವರು ನೀವ ಅಲ್ಲೇನ್ರಿ?"

ದೀಪದ ಬುಡದಲ್ಲಿ ಕತ್ತಲೆ ಎಂದು ಮಕ್ಕಳಿಂದ ನೂರು ಸಲ ಬರೆಯಿಸಿದ್ದೇನೆ. ಆ ದೀಪ ನಾನೇ ಎಂದು ಅವತ್ತು ತಿಳಿಯಿತು. ಅಂದು ಬರೀ ಚಟ್ನಿ ರೊಟ್ಟಿ ತಿಂದು, ಯಾರಿಗಾದರೂ ಹೇಳದಿದ್ದರೆ ಎದೆ ಒಡೆಯುತ್ತದೆ ಎನ್ನಿಸಿ ಬಸ್‌ಸ್ಟ್ಯಾಂಡಿನ ಹತ್ತಿರದ ಚಹಾದಂಗಡಿಗೆ ಹೋದೆ. ಅಲ್ಲಿ ನಮ್ಮೂರವರೂ ಇದ್ದರು, ಬಸ್ಸಿಗೆ ಕಾಯುವ ಪರ ಊರವರೂ ಇದ್ದರು. ನಾನು ಒಂದು ಕಪ್ ಚಹಾ ಮುಗಿಯುವಷ್ಟರಲ್ಲಿ ನೊರೆಯಿಂದ ಹಿಡಿದು ಸಿವುಡಿನವರೆಗೆ ಎಲ್ಲವನ್ನೂ ಕೈಬಾಯಿ ತಿರುಗಿಸಿ ವರ್ಣಿಸಿದೆ. ಪರ ಊರವರು ಹೊಟ್ಟೆ ಹಿಡಿದು ನಕ್ಕರು. ನಮ್ಮೂರವರು ನಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವ ಗಾದೆಯನ್ನೂ ನಾನು ಮಕ್ಕಳಿಂದ ಬರೆಯಿಸಿದ್ದೇನೆ. ಬರೆದ ಮಕ್ಕಳಿಗೆ ಅದು ಅರ್ಥವಾಗಿರಬಹುದು.

ಮರುದಿನದಿಂದ ಫಕ್ಕೀರವ್ವನ ಬುಟ್ಟಿ ಹೋದ ಹಾಗೆಯೇ ತುಂಬಿ ಮರಳಿ ಬರತೊಡಗಿತು. ಎಲ್ಲರಿಗೂ ಗೊತ್ತಿದ್ದ ಸಂಗತಿಗೆ ಹೀಗೇಕಾಗಬೇಕು ಎಂದು ನಾನು ಗಿರಿಜಾಳನ್ನು ಕೇಳಿದೆ. "ಗೊತ್ತಿರೂದು ಬ್ಯಾರೆ, ಚಾದಂಗಡ್ಯಾಗ ಕುಂತು ಹೇಳೂದು ಬ್ಯಾರೆ" ಎಂದಳು. "ಈಗ ಬಸ್ಸಿನಾಗ ನಮ್ಮೂರಾರ ಕೈಯಾಗ ಚೀಲ ಕಂಡ್ರ, ಗಟಾರದ ಪಲ್ಯ ತಂದೀರೇನ್ರಿ ಅಂತ ಕೇಳಾಕತ್ತಾರ. ಯಾರು ತಗೋತಾರ? ಆ ಹುಡುಗಿ ಕಾಲೇಜು ಬಿಡ್ತೈತಿ ನೋಡ್ರಿ ಇನ್ನ." ಆ ಮಾತು ಕೇಳಿ ನನಗಾದ ಆಘಾತದ ಮುಂದೆ ನೊರೆಯ ಆಘಾತ ಏನೂ ಅಲ್ಲ. ನಾನು ತಿಂದದ್ದು ನನ್ನ ಸ್ನಾನದ ನೀರು, ಅಷ್ಟೇ. ಆದರೆ ನಾನು ಕಿತ್ತುಕೊಂಡದ್ದು ಇನ್ನೊಬ್ಬಳ ಅನ್ನ.

ಇಷ್ಟರಲ್ಲಿ ಯೋಜನೆಯ ಕೆಲಸ ಮುಗಿಯುತ್ತ ಬಂದಿತ್ತು. ನನ್ನ ಮನೆಯಾಚೆ ಹೊಂಡ ತೋಡಿ, ಕಲ್ಲು ಉಸುಕು ತುಂಬಿ, ಕಾಬಾಳೆ ನೆಟ್ಟು, ನೀರು ಹಾಯಿಸಿದ್ದೂ ಆಗಿತ್ತು. ಒಂದು ದಿನ ಫಕ್ಕೀರವ್ವ ಬುಟ್ಟಿಯಿಲ್ಲದೆ ನಮ್ಮ ಕಟ್ಟೆಗೆ ಬಂದಳು. ಬೈಯುತ್ತಾಳೆ ಎಂದು ನಾನು ತಲೆ ಬಗ್ಗಿಸಿ ನಿಂತೆ. ಅವಳು ಬೈಯಲಿಲ್ಲ.

"ಮಾಸ್ತರ್ರ, ಹೊಂಡದ ಕಡೀ ಪೈಪು ಹಳ್ಳಕ್ಕ ಹೊಕ್ಕೈತಂತ. ಖರೇ ಏನ್ರಿ?"

"ಯಾರು ಹೇಳಿದ್ರು?"

"ಮಾಬುಸಾಬಣ್ಣ. ಪೈಪು ತಂದು ಒಟ್ಟ್ಯಾರ. ಅದು ಹಳ್ಳಕ್ಕ ಹ್ವಾದ್ರ ನನ್ನ ಹೊಲಕ್ಕ ಒಂದು ಹನಿ ಬರೂದಿಲ್ಲ." ಕಟ್ಟೆಯ ಮೇಲೆ ಕುಳಿತು ಹೇಳಿದಳು, "ಈ ನೀರು ಹೊಲಸು ಅಂತ ಬೇಕಾದ್ರ ಹೇಳ್ರಿ. ಹೊಲಸ ಐತಿ, ನಾನೂ ಒಪ್ಪತೇನಿ. ಆದ್ರ ಇದಕ್ಕ ಯಾರೂ ದಿಕ್ಕಿಲ್ಲ ಅಂತ ಹೇಳಬ್ಯಾಡ್ರಿ. ನಾ ಅದೇನಿ."

ನಾನು ಚಪ್ಪಲಿ ಮೆಟ್ಟಿ ಸೀದಾ ಪಂಚಾಯಿತಿಗೆ ಹೋದೆ. ಇಂಥ ಅನ್ಯಾಯದ ನಕ್ಷೆಯನ್ನು ಒಪ್ಪಿದ ಪುಣ್ಯಾತ್ಮ ಯಾರು ಎಂದು ಮೇಡಂ ಅವರ ಮುಂದೆ ಸಾಕಷ್ಟು ಜೋರಾಗಿಯೇ ಕೇಳಿದೆ. ಅವರು ಕಪಾಟಿನಿಂದ ಕಾಗದ ತೆಗೆದು ಮುಂದಿಟ್ಟು ಕೆಳಗೆ ಬೆರಳು ತೋರಿಸಿದರು. ಅಧ್ಯಕ್ಷರು ಎಂದಿತ್ತು. ಅದರ ಮೇಲೆ ನನ್ನ ಸಹಿ, ಹಲಗೆಯ ಮೇಲೆ ಬರೆದ ಹಾಗೆ ದುಂಡಾಗಿ. ನಕ್ಷೆಯಲ್ಲಿ ಕೊನೆಯ ಗುಂಡಿಯಿಂದ ಹಳ್ಳಕ್ಕೆ ಒಂದು ನೆಟ್ಟಗಿನ ಗೆರೆ ಇತ್ತು. ಫಕ್ಕೀರವ್ವನ ಇಪ್ಪತ್ತು ಗುಂಟೆ ಇರಬೇಕಾದಲ್ಲಿ ಬಿಳಿಯ ಕಾಗದ ಇತ್ತು. ನೀರು ಎಲ್ಲಿಗೆ ಹೋಗುತ್ತದೆ ಎಂದು ಊರನ್ನೇ ನಾಚಿಸಿದ ನಾನು ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡದೆ ಸಹಿ ಹಾಕಿದ್ದೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎನ್ನುತ್ತಾರೆ. ನನ್ನ ವಿಷಯದಲ್ಲಿ ಅದು ಮೆಂತೆ.

"ಬದಲಿ ಮಾಡಬಹುದು ಸರ್" ಎಂದರು ಮೇಡಂ, ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು. "ಸಮಿತಿ ಠರಾವು ಆಗ್ಬೇಕು. ಆದ್ರ ಸಮಿತಿಯವರು ಒಪ್ಪೂದಿಲ್ಲ. ಯಾರೂ ತಗೊಳ್ಳದ ಪಲ್ಯಕ್ಕ ನೀರ್ಯಾಕ ಅಂತ ಗೌಡ್ರು ನಿನ್ನೇನ ಅಂದ್ರು."

ಪಲ್ಯವನ್ನು ಯಾರೂ ತೆಗೆದುಕೊಳ್ಳದಂತೆ ಮಾಡಿದ್ದು ಯಾರು ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ಒಳ್ಳೆಯದಿತ್ತು, ಮನಸ್ಸು ಹಗುರಾಗುತ್ತಿತ್ತು. ಹೊಂಡದ ತಿಳಿನೀರಿನಲ್ಲಿ ಬೆಳೆದು ತೋರಿಸಿದರೆ ಹೇಗೆ ಎಂದು ನಾನೇ ಕೇಳಿದೆ. ಕುದಿಸಿ ತಿನ್ನುವ ಸೊಪ್ಪಿಗೆ ಆ ನೀರು ಅಡ್ಡಿಯಿಲ್ಲ, ಹಸಿಯಾಗಿ ತಿನ್ನುವುದಕ್ಕೆ ಮಾತ್ರ ಬೇಡ ಎಂದರು ಮೇಡಂ. ಫಕ್ಕೀರವ್ವ ಒಂದೇ ಒಂದು ಮಡಿ ಬಿತ್ತಿದಳು. ಪೈಪು ಇನ್ನೂ ಯಾವ ಕಡೆಗೂ ಕೂಡಿಸಿರಲಿಲ್ಲವಾದ್ದರಿಂದ ಕೊನೆಯ ಗುಂಡಿಯಿಂದ ಕೊಡದಲ್ಲಿ ನೀರು ತುಂಬಿ ತಲೆಯ ಮೇಲೆ ಹೊತ್ತು, ದಿನಾ ಎರಡು ಹೊತ್ತು ಹಾಕಿದಳು. ಮೆಂತೆ ಕೊಯ್ಲಿಗೆ ಬರುವ ತನಕ ಅವಳ ಉಳಿದ ಮಡಿಗಳು ಒಂದೊಂದಾಗಿ ಒಣಗಿದವು. ನಾನು ದಿನಾ ಹೋಗಿ ಬದುವಿನ ಮೇಲೆ ನಿಂತು ನೋಡುತ್ತಿದ್ದೆ. ಒಂದು ದಿನ ನಾನೂ ಒಂದು ಕೊಡ ಎತ್ತಲು ಹೋದೆ. "ಬಿಡ್ರಿ ಮಾಸ್ತರ್ರ, ಕೈ ಹೊಲಸಾಕ್ಕಾವು" ಎಂದಳು. ಅವಳು ಚುಚ್ಚಿ ಹೇಳಿದ್ದಲ್ಲ, ಆದರೂ ನನಗೆ ಚುಚ್ಚಿತು.

ಸಮಿತಿಯ ಸಭೆ ಹೊಂಡದ ಹತ್ತಿರವೇ ಸೇರಿತು. ಸಮಿತಿಯವರು ಎಂಟು ಜನ, ನೋಡಲು ಬಂದವರು ಊರಿನ ಅರ್ಧ. ಕಾಬಾಳೆ ಕೆಂಪು ಹೂ ಬಿಟ್ಟಿತ್ತು. ಕೊನೆಯ ಗುಂಡಿಯ ನೀರು ತಳ ಕಾಣುವಷ್ಟು ತಿಳಿಯಾಗಿತ್ತು. ಮೇಡಂ ಎಲ್ಲವನ್ನೂ ವಿವರಿಸಿದರು. ಗೌಡರು ಕೇಳಿ ಮುಗಿಸಿ, "ಎಲ್ಲಾ ಖರೇರಿ ಮೇಡಂ. ಆದ್ರ ಮಾಸ್ತರ್ರ ಮೊದಲ ಬಿಟ್ಟಾರ ಆ ಪಲ್ಯ. ಅವರು ತಿನ್ನದ್ದು ನಾವ್ಯಾಕ ತಿನ್ನೂಣು?" ಎಂದರು. ಇಡೀ ಸಭೆ ನನ್ನ ಕಡೆ ತಿರುಗಿತು. ಫಕ್ಕೀರವ್ವ ಅಲ್ಲೇ ಬೇವಿನ ಗಿಡದ ಕೆಳಗೆ ಚಾಪೆ ಹಾಸಿ ತಾಟು ಇಟ್ಟಳು. ರೊಟ್ಟಿ, ಹೊಸ ಮಡಿಯ ಮೆಂತೆ ಹಾಕಿ ಮಾಡಿದ ಬಿಸಿ ಪಲ್ಯ. ಪಕ್ಕದಲ್ಲಿ, ನೋಡುವವರಿಗೆ ಬೆಳೆ ಹೇಗಿದೆಯೆಂದು ತಿಳಿಯಲಿ ಎಂದು, ಬೇರು ಸಹಿತ ಕಿತ್ತ ಒಂದು ಸಿವುಡು ಹಸಿ ಮೆಂತೆ. "ಕುಂದರ್ರಿ ಮಾಸ್ತರ್ರ" ಎಂದಳು. ಅವಳ ಹಿಂದೆ ಮಗಳು ಕಾಲೇಜಿನ ಚೀಲ ಹೆಗಲಿಗೆ ಹಾಕಿಕೊಂಡೇ ನಿಂತಿದ್ದಳು.

ಕೈ ತೊಳೆದುಕೊಂಡೆ. ಇದೊಂದು ಸಲ ಅಭ್ಯಾಸದಿಂದಲ್ಲ, ಹೊತ್ತು ಕಳೆಯಲು. ಆಮೇಲೆ ಕುಳಿತೆ. ಒಂದು ತುತ್ತು ಪಲ್ಯ ಬಾಯಿಗಿಟ್ಟೆ. ಬೆಳ್ಳುಳ್ಳಿ, ಹೆಸರುಬೇಳೆ, ಹದವಾದ ಖಾರ. ಬಹಳ ದಿನ ಮೆಂತೆ ಬಿಟ್ಟ ನಾಲಿಗೆ ಯಜಮಾನನ ಮಾತು ಕೇಳಲಿಲ್ಲ. ಎರಡನೆಯ ತುತ್ತು ಹೋಯಿತು, ಮೂರನೆಯದು ಹೋಯಿತು. ರೊಟ್ಟಿಯ ಲಯ ಹತ್ತಿತು ನೋಡಿ, ಕೈ ತನ್ನ ಪಾಡಿಗೆ ತಾನು, ಮೂವತ್ತು ವರ್ಷದ ರೂಢಿಯಂತೆ, ಪಕ್ಕದ ಹಸಿ ಸಿವುಡಿನ ಕಡೆ ಹೋಯಿತು, ನಾಲ್ಕು ಎಳೆ ಕಿತ್ತಿತು, ಬಾಯಿಗೆ ತುರುಕಿತು.

"ಸರ್, ಹಸೀದು ಬ್ಯಾಡ" ಎಂದರು ಮೇಡಂ.

ಅಷ್ಟರಲ್ಲಿ ಕರಕರ ಎಂದು ಅಗಿದು ನುಂಗಿಯಾಗಿತ್ತು. ಗೌಡರು ಕೂತಲ್ಲಿಂದ ಎದ್ದೇ ನಿಂತರು. ಗಿರಿಜಾ ಹಣೆ ಚಚ್ಚಿಕೊಂಡದ್ದು ನನಗೆ ಕಾಣಿಸಿತು. ಎಲ್ಲರಿಗಿಂತ ಹೆಚ್ಚು ದಿಗಿಲಾದದ್ದು ನನಗೇ, ಆದರೆ ಊರ ಮುಂದೆ ಉಗುಳುವ ಹಾಗೂ ಇಲ್ಲ, ನುಂಗಿದ್ದನ್ನು ಕರೆಯುವ ಹಾಗೂ ಇಲ್ಲ. ಆದದ್ದಾಗಲಿ ಎಂದು ಇನ್ನೊಂದು ರೊಟ್ಟಿ ಕೇಳಿದೆ.

ಠರಾವು ಅಂದು ಆಗಲಿಲ್ಲ. ಮೂರು ದಿನ ನೋಡೋಣ ಎಂದು ಗೌಡರು ಹೇಳಿದರು. ಏನನ್ನು ನೋಡುವುದು ಎಂದು ಹೇಳಲಿಲ್ಲ, ಹೇಳುವುದು ಬೇಕಾಗಿಯೂ ಇರಲಿಲ್ಲ. ಆ ಮೂರು ದಿನ ನನ್ನ ಹೊಟ್ಟೆ ಊರ ಸ್ವತ್ತಾಯಿತು. ಹಾಲು ಹಾಕುವವನು ಹಾಲಿಗೆ ಮೊದಲು ಹೊಟ್ಟೆ ಕೇಳಿದ. ಮಾಬುಸಾಬ ನೀರು ಬಿಡುವುದು ಬಿಟ್ಟು ಬಂದು ಕೇಳಿದ. ನಾನು ಬೆಳಿಗ್ಗೆ ಶೌಚಕ್ಕೆ ಎಷ್ಟು ಸಲ ಹೋದೆ ಎಂಬುದು ಚಹಾದಂಗಡಿಯಲ್ಲಿ ಚರ್ಚೆಯಾಯಿತು. ಗಿರಿಜಾ ಎಲ್ಲರಿಗೂ ಬಾಗಿಲಲ್ಲೇ ನಿಂತು, "ಕಲ್ಲು ತಿಂದು ಅರಗಿಸ್ಕೋತಾರ, ಏನೂ ಆಗಿಲ್ಲ" ಎಂದು ಉತ್ತರ ಕೊಟ್ಟಳು. ನನ್ನ ಆರೋಗ್ಯಕ್ಕೆ ಇಷ್ಟು ಜನ ಇಷ್ಟು ಆಸಕ್ತಿ ತೋರಿಸಿದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ ಎರಡನೆಯ ದಿನ ಹೊಟ್ಟೆ ಸ್ವಲ್ಪ ಗುಡುಗುಡು ಎಂದಿತ್ತು. ಅದು ಭಯದ್ದು. ಅದನ್ನು ನಾನು ಇವತ್ತಿನವರೆಗೂ ಯಾರಿಗೂ ಹೇಳಿಲ್ಲ, ನೀವೂ ಹೇಳಬೇಡಿ.

ನಾಲ್ಕನೆಯ ದಿನ ಠರಾವು ಆಯಿತು. ಪೈಪು ಹಳ್ಳದ ಕಡೆಯಿಂದ ಹೊಲದ ಕಡೆ ತಿರುಗಿತು. ಅದೇ ವಾರ ಹೊಸ ಮಡಿಯ ಮೆಂತೆ ಹೊತ್ತ ಬುಟ್ಟಿಯೂ ಖಾಲಿಯಾಗಿ ಮರಳತೊಡಗಿತು. ಹಾನಗಲ್ಲಿನ ಅಕ್ಕನಿಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡೆ. ಅವಳು, "ನಾ ಅದನ್ನ ಎಂದೂ ತಿಂದಿಲ್ಲೋ ತಮ್ಮಾ. ಗಿರಿಜಾ ಮೊದಲ ಫೋನ್ ಮಾಡಿ ಹೇಳಿದ್ಲು. ಎಮ್ಮಿಗಿ ಹಾಕ್ತಿದ್ದೆ" ಎಂದಳು. ಅಲ್ಲಿಗೆ ಹಾನಗಲ್ಲಿನ ಎಮ್ಮೆಗೂ ನನಗೂ ಒಂದೇ ಪಂಕ್ತಿ ಎಂದು ಖಾತ್ರಿಯಾಯಿತು.

ಮುಚ್ಚಿಸಿದ್ದ ಕಿಟಕಿಯ ಇಟ್ಟಂಗಿಯನ್ನು ನಾನೇ ತೆಗೆಸಿದೆ. ಈಗ ಅಲ್ಲಿಂದ ಕಾಬಾಳೆಯ ಹೂವೂ ಅದರಾಚೆಗೆ ಹಸಿರು ಮಡಿಗಳೂ ಕಾಣುತ್ತವೆ. ಮೆಂತೆಯನ್ನು ಕುದಿಸಿಯೇ ತಿನ್ನುತ್ತೇನೆ, ಸತ್ವದ ಮಾತು ಎತ್ತುವುದಿಲ್ಲ. ಎಲ್ಲ ಸರಿಯಾಯಿತು. ಒಂದು ಮಾತ್ರ ಮರೆತಿದ್ದೆ. ಆ ನೊರೆ ನೋಡಿದ ದಿನದಿಂದ ನಾನು ಸಂಜೆಯ ಸ್ನಾನ ಬಿಟ್ಟಿದ್ದೆ. ಸುರಿದದ್ದೆಲ್ಲ ತಾಟಿಗೇ ಬರುವುದಾದರೆ ಕಡಿಮೆ ಸುರಿಯುವುದೇ ಕ್ಷೇಮ ಎಂಬ ಲೆಕ್ಕ. ಮೊನ್ನೆ ಬಿರುಬೇಸಿಗೆಯ ಸಂಜೆ ಕಿಟಕಿಯ ಹತ್ತಿರ ಕುಳಿತಿದ್ದಾಗ ಹೊಲದಿಂದ ಫಕ್ಕೀರವ್ವನ ಕೂಗು ಕೇಳಿಸಿತು.

"ಮಾಸ್ತರ್ರ, ಆರಾಮ ಅದೀರಿಲ್ಲೋ? ಸಂಜಿ ಜಳಕಾ ಬಿಟ್ಟೀರಿ ಕಾಣ್ತೈತಿ. ಹೊಂಡಕ್ಕ ನೀರ ಕಮ್ಮಿ ಬರಾಕತ್ತೈತ್ರಿ. ಕಡೀ ಮಡಿ ಬಾಡೇತಿ ನೋಡ್ರಿ."

ನೋಡಿದೆ. ಬಾಡಿತ್ತು. ಎದ್ದು ಟವೆಲ್ಲು ಹೆಗಲಿಗೆ ಹಾಕಿಕೊಂಡೆ. ಈ ಹೊತ್ತಿನಲ್ಲಿ ಎತ್ತ ಹೊರಟಿರಿ ಎಂದು ಗಿರಿಜಾ ಕೇಳಿದಳು. "ಮೆಂತೆಗಿ ನೀರ ಬಿಟ್ಟು ಬರ್ತೇನಿ" ಎಂದು ಹೇಳಿ ಬಚ್ಚಲ ಬಾಗಿಲು ಹಾಕಿಕೊಂಡೆ.